ನೋಟಿನ ಪೆಟ್ಟಿಗೆಗೆ ಸರಪಳಿ, ಡಾಕ್ಟರಿಗೆ ಬರೀ ಬೆಂಚು

ಕಲ್ಯಾಣ್-ಶಿಳ್ ರಸ್ತೆಯಲ್ಲಿ ಸೈರನ್ ಕೇಳಿದರೆ ನಾವೆಲ್ಲ "ಪಾಪ, ಪೇಶಂಟ್ ಹೇಗಿದ್ದಾರೋ" ಅಂದುಕೊಳ್ಳುತ್ತೇವೆ. ಪಕ್ಕದ ಬೆಂಚಿನಲ್ಲಿ ಬೆಲ್ಟಿಲ್ಲದೆ ಅಡ್ಡಡ್ಡ ಕೂತು, ಒಂದು ಕೈಯಲ್ಲಿ ಸಲೈನ್, ಇನ್ನೊಂದರಲ್ಲಿ ಸರಳು ಹಿಡಿದ ಡಾಕ್ಟರೋ ನರ್ಸೋ ಯಾರಿಗೆ ನೆನಪಾಗುತ್ತಾರೆ ಹೇಳಿ? ಡೊಂಬಿವಲಿಯಿಂದ ಕಳವಾಕ್ಕೋ ಸಾಯನ್‌ಗೋ ರೋಗಿಯನ್ನು ಕಳಿಸಿದಾಗಲೆಲ್ಲ ಅವರೂ ಇದೇ ಗುಂಡಿ, ಇದೇ ಟ್ರೇಲರುಗಳ ನಡುವೆ ಹೋಗಬೇಕು.

ಶಿರೂರು ಟೋಲ್ ನೆನಪಿದೆಯಲ್ಲ? ಊರಿಗೆ ಹೋಗುವಾಗ ಬೈಂದೂರಿನ ಹತ್ತಿರ ದಾಟುತ್ತೇವಲ್ಲ, ಅದೇ. 2022ರ ಜುಲೈ 20ರಂದು ಹೊನ್ನಾವರದಿಂದ ಬರುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಜಾರಿ, ತಿರುಗಿ, ಟೋಲ್ ಕಟ್ಟೆಗೆ ಬಡಿಯಿತು. ರೋಗಿಯೂ ಸೇರಿ ನಾಲ್ವರು ಹೋದರು. ಒಳಗಿದ್ದವರು ಹೊರಗೆ ಎಸೆಯಲ್ಪಟ್ಟ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನಾವೋ ಟೋಲಿನವರನ್ನು ಬೈದೆವು, ದನವನ್ನು ಬೈದೆವು, ಡ್ರೈವರನ್ನು ಬೈದೆವು. ಹಿಂದೆ ಕೂತವರಿಗೆ ಬೆಲ್ಟ್ ಇತ್ತೇ ಅಂತ ಕೇಳಿದವರು ಎಷ್ಟು ಜನ?

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಮೂರನೇ ಮಹಡಿಯಿಂದ ಬೀಳುವುದೂ ಹೆಚ್ಚುಕಮ್ಮಿ ಒಂದೇ. ಆಗ ಕಟ್ಟಿಹಾಕದ ಆಕ್ಸಿಜನ್ ಸಿಲಿಂಡರು ಔಷಧದ ಸಾಮಾನಲ್ಲ, ಗುಂಡು!

ಕಾನೂನಿಲ್ಲ ಅಂತಲ್ಲ. ಹೊಸ ಆಂಬ್ಯುಲೆನ್ಸ್‌ಗಳಿಗೆ ಎಐಎಸ್-125 ಎಂಬ ಮಾನದಂಡ 2018ರಿಂದ ಇದೆ. ತಮಾಷೆ ನೋಡಿ, ಅದೇ 2018ರಲ್ಲಿ ನಮ್ಮ ಬ್ಯಾಂಕುಗಳ ಕ್ಯಾಶ್ ವ್ಯಾನಿಗೂ ನಿಯಮ ಬಂತು: ಪ್ರತಿ ಪೆಟ್ಟಿಗೆಗೂ ಬೇರೆ ಸರಪಳಿ, ಬೇರೆ ಬೀಗ. ನೋಟಿನ ಪೆಟ್ಟಿಗೆಗೆ ಸರಪಳಿ ಹಾಕದೆ ವ್ಯಾನ್ ಹೊರಟರೆ ನಮ್ಮಂಥ ಆಫೀಸರುಗಳು ಉತ್ತರ ಕೊಡಬೇಕು. ನರ್ಸ್ ಬೆಲ್ಟ್ ಹಾಕದೆ ಗಾಡಿ ಹೊರಟರೆ ಯಾರು ಕೊಡುತ್ತಾರೆ?

"ಬೆಲ್ಟ್ ಹಾಕಿಕೊಂಡು ಚಿಕಿತ್ಸೆ ಮಾಡೋಕಾಗುತ್ತಾ ಸಾರ್?" ಅಂತಾರೆ. ದಾರಿಯುದ್ದಕ್ಕೂ ಎದೆ ಒತ್ತುತ್ತಿರುತ್ತಾರೆಯೇ? ಎದ್ದೇ ಮಾಡಬೇಕಾದ ಕೆಲಸ ಬಂದರೆ ಡ್ರೈವರಿಗೆ ಕೂಗಿ ಹೇಳಲಿ, ಅವನು ನಿಧಾನಿಸಲಿ. ಮಿಕ್ಕ ಹೊತ್ತು ಕೂತು ಬೆಲ್ಟ್ ಹಾಕಲಿ. ಸಾಮಾನು ಕೈಗೆಟುಕುವಂತೆ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ. ಸರಿಯೇ. ಆದರೆ ದಾರಿ ಸಿಕ್ಕಷ್ಟೂ ಗಾಡಿ ಓಡುತ್ತದೆ, ಒಳಗಿನವರು ಅಷ್ಟೇ ಜೋರಾಗಿ ಬಡಿಸಿಕೊಳ್ಳುತ್ತಾರೆ! ಠಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳು ಆಂಬ್ಯುಲೆನ್ಸ್ ಗುತ್ತಿಗೆ ಕೊಡುವಾಗ ಒಂದು ಸಾಲು ಸೇರಿಸಲಿ: ಸ್ಟ್ರೆಚರ್, ಸಿಲಿಂಡರ್, ಸಿಬ್ಬಂದಿ ಮೂರನ್ನೂ ಬಿಗಿಯದೆ ಹೊರಟ ಗಾಡಿಯ ಬಿಲ್ ಪಾಸಾಗುವುದಿಲ್ಲ. ಬಿಲ್ ನಿಂತರೆ ಬೆಲ್ಟ್ ತಾನಾಗಿ ಬರುತ್ತದೆ, ನನ್ನ ಸರ್ವೀಸಿನಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.