ಪ್ರತಿಭೆಗೆ ಹದಿನೈದನೇ ವಯಸ್ಸಿನಲ್ಲೇ ತೀರ್ಪು ಬರೆಯಬೇಕೆ?

ಮುಂಬೈಯ ಡಬ್ಬಾವಾಲಾಗಳ ಕಾರ್ಯವೈಖರಿಯ ಕುರಿತು ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ಮನೆಯ ಬುತ್ತಿಯನ್ನು ಕಚೇರಿಗೆ ತಲುಪಿಸುವ, ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಈ ಶ್ರಮಿಕರಿಂದ ನಿರ್ವಹಣೆಯ ಪಾಠ ಕೇಳಲು ನಮ್ಮ ಪ್ರತಿಷ್ಠಿತ ಸಂಸ್ಥೆಗಳೂ ಹಿಂಜರಿಯಲಿಲ್ಲ. ಅವರನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿದವು. ಆದರೆ ಅಂಥ ಶ್ರಮಿಕನ ಮಗನೊಬ್ಬ ಅರ್ಜಿ ಹಿಡಿದು ಅದೇ ಸಂಸ್ಥೆಯ ಬಾಗಿಲಿಗೆ ಬಂದರೆ? ಆಗ ಎದುರಾಗುವ ಪ್ರಶ್ನೆಯೇ ಬೇರೆ: ಹತ್ತನೇ ತರಗತಿಯಲ್ಲಿ ನಿನಗೆಷ್ಟು ಅಂಕ?

ನಿಜವಾಗಿ, ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆ ಬರೆಯಲು ಇಂಥದೇ ಪದವಿ ಬೇಕೆಂಬ ನಿಯಮವಿಲ್ಲ. ಯಾವುದೇ ಪದವಿಯಲ್ಲಿ ಶೇ. 50, ಪರಿಶಿಷ್ಟ ಜಾತಿ, ಪಂಗಡ ಮತ್ತು ವಿಕಲಚೇತನರಿಗೆ ಶೇ. 45 ಅಂಕವಿದ್ದರೆ ಸಾಕು. ಆದರೆ ಸಂದರ್ಶನಕ್ಕೆ ಆರಿಸುವಾಗ ಬೆಂಗಳೂರಿನ ಐಐಎಂ ಸಹಿತ ಹಲವು ಸಂಸ್ಥೆಗಳು ಹತ್ತು ಮತ್ತು ಹನ್ನೆರಡನೇ ತರಗತಿಯ ಅಂಕಗಳನ್ನೂ ತೂಗುತ್ತವೆ. ಸಂಜೆ ತಂದೆಯ ಅಂಗಡಿಯಲ್ಲಿ ಕುಳಿತು, ರಾತ್ರಿ ಪುಸ್ತಕ ಹಿಡಿದ ಹುಡುಗನ ಅಂಕವೂ, ಮನೆಪಾಠದ ಆಸರೆಯಲ್ಲಿ ಬೆಳೆದ ಹುಡುಗನ ಅಂಕವೂ ಒಂದೇ ತಕ್ಕಡಿಗೆ ಬೀಳುತ್ತವೆ. ಮೊದಲನೆಯವನು ಇಪ್ಪತ್ತನಾಲ್ಕರಲ್ಲಿ ಎಷ್ಟೇ ಪ್ರಬುದ್ಧನಾಗಿದ್ದರೂ ಹದಿನೈದರ ಹಾಳೆ ಅವನ ಕಾಲು ಹಿಡಿದೆಳೆಯುತ್ತದೆ. ಇದು ಪ್ರತಿಭೆಯ ಅಳತೆಯೋ, ಅನುಕೂಲದ ಅಳತೆಯೋ?

ಎರಡು ಗಂಟೆಯ ಪರೀಕ್ಷೆಯೊಂದನ್ನೇ ನಂಬಲಾಗದು, ನಿರಂತರ ಪರಿಶ್ರಮವೂ ಮುಖ್ಯ ಎಂಬುದು ಸಂಸ್ಥೆಗಳ ಸಮರ್ಥನೆ. ಮಾತು ಸರಿಯೇ. ಹಾಗಾದರೆ ಪರಿಶ್ರಮವೆಂದರೆ ಅಂಕಪಟ್ಟಿ ಮಾತ್ರವೇ? ಪದವಿಯ ಬಳಿಕ ಕಂಪೆನಿಯಲ್ಲಿ ದುಡಿದ ಅನುಭವಕ್ಕೆ ಬೆಲೆಯಿದೆ. ಓದುತ್ತಲೇ ಅಂಗಡಿಯ ಲೆಕ್ಕ ನೋಡಿ, ಸಾಲಗಾರರನ್ನು ಸಂಭಾಳಿಸಿ, ತಂಗಿಯರನ್ನು ಓದಿಸಿದವನ ಅನುಭವಕ್ಕೆ ಬೆಲೆಯಿಲ್ಲ. ಏಕೆಂದರೆ ಅದಕ್ಕೆ ಸಂಬಳದ ಚೀಟಿಯಿಲ್ಲ. ವ್ಯವಹಾರ ಕಲಿಸುವ ಶಾಲೆ ವ್ಯವಹಾರವನ್ನೇ ಗುರುತಿಸದಿರುವುದು ವಿಪರ್ಯಾಸವಲ್ಲವೇ?

ಬದಲಾವಣೆ ಅಸಾಧ್ಯವೇನಲ್ಲ. ಕೋಝಿಕ್ಕೋಡ್ ಐಐಎಂ ತನ್ನ ಆಯ್ಕೆಯ ಮಾನದಂಡವನ್ನು ತಿದ್ದಿದಾಗ 2013ರ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿದ್ಯಾರ್ಥಿನಿಯರಿದ್ದರು. ಸಂಸ್ಥೆಯ ಗೌರವವೇನೂ ಕುಸಿಯಲಿಲ್ಲ. ಅಹ್ಮದಾಬಾದ್ ಐಐಎಂ ಕಲೆ, ವಾಣಿಜ್ಯ, ವಿಜ್ಞಾನಗಳಂಥ ಪ್ರತಿ ವಿಭಾಗದ ಮುಂಚೂಣಿಯ ಅಭ್ಯರ್ಥಿಗಳನ್ನು ಪ್ರತ್ಯೇಕವಾಗಿಯೂ ಪರಿಗಣಿಸುತ್ತಾ ಬಂದಿದೆ. ಇಂಜಿನಿಯರ್‌ಗಳ ಸಾಲಿನ ನಡುವೆ ಇತಿಹಾಸ ಓದಿದವನಿಗೂ ಜಾಗವಿದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನು ನಮ್ಮತ್ತ ನೋಡೋಣ. 2006ರ ಸಾಚಾರ್ ವರದಿಯ ಪ್ರಕಾರ ಐಐಎಂಗಳ 4743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಕೇವಲ 63. ಈ ಅಂಕಿಯನ್ನು ಭಾಷಣಗಳಲ್ಲಿ ಉದ್ಧರಿಸಿ ನಿಟ್ಟುಸಿರು ಬಿಟ್ಟದ್ದೇ ಬಿಟ್ಟದ್ದು. ಆದರೆ ಬಿ.ಎ. ಮುಗಿಸಿದ ಮಗಳು ಕ್ಯಾಟ್ ಬರೆಯುತ್ತೇನೆಂದರೆ 'ಅದೆಲ್ಲ ನಮಗಲ್ಲ' ಎಂದು ತಡೆದವರು ಯಾರು? ದೆಹಲಿಯ ಸರಕಾರವೇ? ಚೆನ್ನೈಯ ಮಡಿಪಾಕ್ಕಂ ಕೊಳೆಗೇರಿಯಲ್ಲಿ ಇಡ್ಲಿ ಮಾರಿ ಮಕ್ಕಳನ್ನು ಸಾಕಿದ ತಾಯಿ ತನ್ನ ಮಗ ಶರತ್‌ಬಾಬುವಿಗೆ ಹಾಗೆನ್ನಲಿಲ್ಲ. ಪಿಲಾನಿಯಲ್ಲಿ ಇಂಜಿನಿಯರಿಂಗ್ ಓದಿದ ಆತ 2006ರಲ್ಲಿ ಅಹ್ಮದಾಬಾದ್ ಐಐಎಂನ ವ್ಯಾಸಂಗ ಮುಗಿಸಿ, ಸ್ವಂತ ಆಹಾರೋದ್ಯಮ ಕಟ್ಟಿದರು.

ಹಾಗೆಂದು ಒಬ್ಬ ಶರತ್‌ಬಾಬುವನ್ನು ತೋರಿಸಿ ಬಾಗಿಲು ತೆರೆದಿದೆಯೆಂದು ಸಂಸ್ಥೆಗಳು ಸಮಾಧಾನಪಡಬಾರದು. ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕ ಇಂದು 20 ಲಕ್ಷ ರೂಪಾಯಿ ದಾಟಿದೆ. ಆ ಮೊತ್ತ ಕೇಳಿಯೇ ಹಿಂದೆ ಸರಿಯುವವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸಂಸ್ಥೆಗಳು ತಮ್ಮ ತಕ್ಕಡಿಯನ್ನು ತಿದ್ದಿಕೊಳ್ಳಲಿ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಮದುವೆಗೆ ಭವ್ಯ ಸಭಾಂಗಣ ಕಟ್ಟಬಲ್ಲ ನಮ್ಮೂರುಗಳಲ್ಲಿ, ಕಲಾ ಪದವೀಧರನೊಬ್ಬನಿಗೆ ಹತ್ತನೇ ತರಗತಿಯ ಗಣಿತವನ್ನೂ ಒಳ್ಳೆಯ ಇಂಗ್ಲಿಷನ್ನೂ ಒಂದು ವರ್ಷ ಕಲಿಸುವ ಒಂದು ಕೋಣೆ ಏಕಿಲ್ಲ? ಈ ಪ್ರಶ್ನೆಗೆ ಉತ್ತರಿಸಬೇಕಾದವರು ಐಐಎಂನ ನಿರ್ದೇಶಕರಲ್ಲ, ನಾವು.