ಸಾಗಿಸುತ್ತಿದ್ದವರು ಯಾರು?

1877ರಲ್ಲಿ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅದೇ ವರ್ಷ ಮೈಸೂರು ಸೀಮೆಯಲ್ಲಿ, ಬಳ್ಳಾರಿಯಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳ ಆ ಬರದ ಕತೆಯನ್ನು ಇಂಗ್ಲಿಷಿನಲ್ಲಿ ಓದುವವರಿಗೆ ಒಂದು ಬಗೆಯ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ವೈಲ್ ಗ್ರೇನ್ ವಾಸ್ ಬೀಯಿಂಗ್ ಎಕ್ಸ್‌ಪೋರ್ಟೆಡ್, ಪೀಪಲ್ ವರ್ ಡೈಯಿಂಗ್’, ಅಂದರೆ ಧಾನ್ಯ ರಫ್ತು ಮಾಡಲಾಗುತ್ತಿದ್ದಾಗ ಜನ ಸಾಯುತ್ತಿದ್ದರು. ಎರಡು ತುಂಡು, ಎರಡರಲ್ಲೂ ನಡೆಯುತ್ತಲೇ ಇದ್ದ ಭೂತಕಾಲ. ಓದಿದ ಕೂಡಲೇ ಎದೆಗೆ ತಾಕುತ್ತದೆ. ಆದರೆ ಇನ್ನೊಮ್ಮೆ ಓದಿ ನೋಡಿ. ಸತ್ತವರು ವಾಕ್ಯದೊಳಗೆ ಇದ್ದಾರೆ, ಧಾನ್ಯವೂ ಇದೆ. ಅದನ್ನು ಸಾಗಿಸುತ್ತಿದ್ದವರು ಮಾತ್ರ ಎಲ್ಲಿಯೂ ಇಲ್ಲ.

ಹೀಗೆ ಬರೆಯುವ ಅನುಕೂಲ ಇಂಗ್ಲಿಷಿಗೆ ಬಹಳ ಹಳೆಯದೇನಲ್ಲ. ಹದಿನೆಂಟನೆಯ ಶತಮಾನದ ಕೊನೆಯವರೆಗೂ ಅಲ್ಲಿನವರು ‘ದಿ ಹೌಸ್ ವಾಸ್ ಬಿಲ್ಡಿಂಗ್’ ಎನ್ನುತ್ತಿದ್ದರು. ಮನೆ ತಾನೇ ತನ್ನನ್ನು ಕಟ್ಟಿಕೊಳ್ಳುತ್ತಿತ್ತು ಎಂಬಂತೆ ಕೇಳಿಸಿದರೂ ಅರ್ಥದಲ್ಲಿ ಗೊಂದಲವಿರಲಿಲ್ಲ, ಮನೆ ಏನನ್ನೂ ಕಟ್ಟುವುದಿಲ್ಲವಲ್ಲ. ಮನುಷ್ಯ ಕರ್ತೃವಿನ ಜಾಗಕ್ಕೆ ಬಂದಾಗ ತೊಡಕು. ‘ದಿ ಬಾಯ್ ವಾಸ್ ಬೀಟಿಂಗ್’ ಎಂದರೆ ಹುಡುಗ ಹೊಡೆಯುತ್ತಿದ್ದನೋ ಹೊಡೆಸಿಕೊಳ್ಳುತ್ತಿದ್ದನೋ? ಈ ಕೊರತೆ ತುಂಬಲು ‘ವಾಸ್ ಬೀಯಿಂಗ್ ಬಿಲ್ಟ್’ ಎಂಬಂಥ ರೂಪ ಹುಟ್ಟಿತು. 1770ರ ದಶಕದ ಖಾಸಗಿ ಕಾಗದಗಳಲ್ಲಿ ಅದು ಅಲ್ಲೊಂದು ಇಲ್ಲೊಂದು ಕಾಣಿಸುತ್ತದೆ, 1795ರಲ್ಲಿ ಕವಿ ರಾಬರ್ಟ್ ಸೌದಿಯ ಪತ್ರದಲ್ಲೂ ಇದೆ. ವ್ಯಾಕರಣದ ಪಂಡಿತರು ಹೇಳಿಕೊಟ್ಟ ರೂಪವಲ್ಲ ಇದು, ಮನೆಮಂದಿಗೆ ಬರೆಯುವ ಓಲೆಗಳಲ್ಲಿ ತಾನಾಗಿ ಮೊಳೆತದ್ದು.

ಪಂಡಿತರಿಗೆ ಅದು ಸಹ್ಯವಾಗಲಿಲ್ಲ. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರಲ್ಲಿ ತನ್ನ ಪುಸ್ತಕದ ಒಂದು ಇಡೀ ಅಧ್ಯಾಯವನ್ನೇ ಈ ರೂಪವನ್ನು ಖಂಡಿಸಲು ಮೀಸಲಿಟ್ಟ. ಅವನಿಗೆ ಬೇಕಿದ್ದದ್ದು ಹಳೆಯ, ‘ಶುದ್ಧ’ವಾದ ‘ವಾಸ್ ಬಿಲ್ಡಿಂಗ್’. ಆದರೆ 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನ ಜೊತೆ ಅಚ್ಚು ಹಾಕಿಸಿದ ವ್ಯಾಕರಣದಲ್ಲಿ ಅದೇ ‘ಶುದ್ಧ’ ರೂಪವನ್ನು ಕೆಟ್ಟ ಪ್ರಯೋಗವೆಂದು ಕರೆದಿದ್ದ! ಒಂದು ಕಾಲದ ಅಪಭ್ರಂಶ ಮುಂದಿನ ಕಾಲದ ಮಡಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹೊಸ ರೂಪದ ಪರವಾಗಿ ನಿಂತವನು ಫಿಟ್ಸ್‌ಎಡ್ವರ್ಡ್ ಹಾಲ್. ಈತನ ಬದುಕು ನಮ್ಮ ನೆಲಕ್ಕೆ ಅಂಟಿಕೊಂಡದ್ದು. ನ್ಯೂಯಾರ್ಕ್ ಪ್ರಾಂತ್ಯದ ಟ್ರಾಯ್ ಊರಿನವನು. ಮನೆ ಬಿಟ್ಟು ಹೋದ ಒಡಹುಟ್ಟಿದವನನ್ನು ಹುಡುಕಿಕೊಂಡು ಹಡಗು ಹತ್ತಿದ, 1846ರಲ್ಲಿ ಗಂಗೆಯ ಮುಖಜ ಭೂಮಿಯ ಬಳಿ ಆ ಹಡಗು ಒಡೆಯಿತು. ಬಂದವನು ಇಲ್ಲೇ ಉಳಿದು ಸಂಸ್ಕೃತ ಕಲಿತ, ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳಿದ, ಸಾಂಖ್ಯ ಗ್ರಂಥವನ್ನು ಸಂಪಾದಿಸಿದ. ಆಮೇಲೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಏಕಾಂತವಾಗಿ ಕೂತು ಆಕ್ಸ್‌ಫರ್ಡ್ ನಿಘಂಟಿಗೆ ವರ್ಷಗಟ್ಟಲೆ ಬಿಟ್ಟಿಯಾಗಿ ದುಡಿದ. ವೈಟ್ ತರ್ಕ ಹೂಡಿದರೆ ಹಾಲ್ ಹಳೆಯ ಬರಹಗಳಿಂದ ಪ್ರಯೋಗಗಳನ್ನು ಹೆಕ್ಕಿ ಮುಂದಿಟ್ಟ. ಸಂಸ್ಕೃತದ ‘ಕ್ರಿಯಮಾಣ’ದಂಥ ಪದ ದಿನನಿತ್ಯ ಕಣ್ಣಿಗೆ ಬೀಳುತ್ತಿದ್ದವನಿಗೆ, ಮಾಡಲ್ಪಡುತ್ತಲಿರುವುದನ್ನು ಹೇಳಲು ಭಾಷೆಗೆ ಒಂದು ರೂಪ ಬೇಕು ಎಂಬುದು ವಿಚಿತ್ರವಾಗಿ ಕಂಡಿರಲಾರದು. ಇದು ನನ್ನ ಊಹೆ, ಆದರೆ ಬಿಡಲು ಮನಸ್ಸಿಲ್ಲದ ಊಹೆ.

ಹಾಲ್ ಗೆದ್ದ, ಭಾಷೆಗೆ ಒಳ್ಳೆಯದೇ ಆಯಿತು. ಆದರೆ ಈ ರೂಪ ‘ವೈಲ್’ ಜೊತೆ ಸೇರಿದಾಗ ಬೇರೆಯದೇ ಬಲ ಬರುತ್ತದೆ. ‘ವೈಲ್’ ಮೂಲದಲ್ಲಿ ಹೊತ್ತು ಎಂಬ ನಾಮಪದ. ‘ಆ ಹೊತ್ತಿನಲ್ಲಿ’ ಎಂಬುದು ಮೆಲ್ಲಗೆ ‘ಅದಕ್ಕೆ ವಿರುದ್ಧವಾಗಿ’ ಎಂದಾಯಿತು. ಹಾಗಾಗಿ ಅದನ್ನು ಬಳಸಿದವನು ತಾನು ಕಾಲವನ್ನಷ್ಟೇ ಹೇಳಿದೆ ಎಂದು ಯಾವಾಗ ಬೇಕಾದರೂ ಜಾರಿಕೊಳ್ಳಬಹುದು. ‘ಪರಿಹಾರ ಕೊಡಲಾಗುತ್ತಿದ್ದಾಗ ಜನ ಸಾಯುತ್ತಿದ್ದರು’ ಎಂದರೆ ಅದು ಆರೋಪ. ‘ಜನ ಸಾಯುತ್ತಿದ್ದಾಗ ಪರಿಹಾರ ಕೊಡಲಾಗುತ್ತಿತ್ತು’ ಎಂದರೆ ಸಮರ್ಥನೆ. ಒಂದೇ ಸಂಗತಿ, ತುಂಡುಗಳ ಜಾಗ ಮಾತ್ರ ಅದಲುಬದಲು. ಆ ಪರಿಹಾರವಾದರೂ ಎಂಥದು? ವೈಸ್‌ರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಕಾಮಗಾರಿಗೆ ಬಂದ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ‘ಕೂಲಿ ಇಳಿಸಲಾಗುತ್ತಿತ್ತು’ ಎಂದು ಬರೆದುಬಿಟ್ಟರೆ ಟೆಂಪಲ್ ಇಲ್ಲ, ಲಿಟ್ಟನ್ ಇಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಇಷ್ಟು ಜೀವಗಳ ಎದುರಿಗಾದರೂ ವಾಕ್ಯದಲ್ಲಿ ಒಬ್ಬ ಕರ್ತೃ ಇರಬೇಡವೇ?

ಕನ್ನಡದಲ್ಲಿ ಈ ಕಳ್ಳದಾರಿ ಇಲ್ಲ ಎಂದು ಹೆಮ್ಮೆಪಡುವವರುಂಟು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಮನೆಯಲ್ಲಿ ಯಾರೂ ಆಡುವುದಿಲ್ಲ, ನಿಜ. ನಮ್ಮ ಕ್ರಿಯಾಪದದ ಬಾಲದಲ್ಲೇ ಮನುಷ್ಯ ಕೂತಿರುತ್ತಾನೆ. ‘ಗೋಧಿ ಸಾಗಿಸುತ್ತಿದ್ದರು’ ಎಂದರೆ ಸಾಕು, ಹೆಸರಿಲ್ಲದಿದ್ದರೂ ಯಾರೋ ಇದ್ದರು ಎಂಬುದನ್ನು ಆ ‘ಅರು’ ಬಿಟ್ಟುಕೊಡುತ್ತದೆ. ಆದರೆ ಕಚೇರಿಯ ಟಿಪ್ಪಣಿ, ಪತ್ರಿಕೆಯ ಸುದ್ದಿ ತೆಗೆದು ನೋಡಿ. ‘ರಸ್ತೆ ಅಗಲಗೊಳಿಸಲಾಗುತ್ತಿದೆ, ಮರಗಳನ್ನು ತೆರವುಗೊಳಿಸಲಾಗುತ್ತಿದೆ.’ ಆ ‘ಲಾಗು’ ಬಂದ ಕೂಡಲೇ ಬಾಲದಲ್ಲಿದ್ದ ಮನುಷ್ಯ ಮಾಯ. ಇಂಗ್ಲಿಷಿನಿಂದ ದಿನವೂ ಸುದ್ದಿ ತಂದುಕೊಳ್ಳುವ ಅವಸರದಲ್ಲಿ ಈ ಚಟ ನಮಗೆ ಗಟ್ಟಿಯಾಗಿ ಅಂಟಿದೆ, ಇದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನೊಂದು ಸೂಕ್ಷ್ಮವಿದೆ. ಎರಡನ್ನು ಎದುರುಬದುರು ನಿಲ್ಲಿಸಲು ಇಂಗ್ಲಿಷ್ ಹೊತ್ತಿನ ಮಾತನ್ನು ಹಿಡಿದರೆ ಕನ್ನಡ ಪಕ್ಷಾರ್ಥದ ‘ರೆ’ಯನ್ನು ಹಿಡಿಯುತ್ತದೆ: ‘ಅಣ್ಣ ಉಳುತ್ತಿದ್ದರೆ ತಮ್ಮ ಮಲಗಿದ್ದ.’ ಬಹಳ ಸೊಗಸಾದ ರಚನೆ. ಆದರೆ ಈ ‘ರೆ’ಗೆ ಪುರುಷವೂ ಇಲ್ಲ, ಲಿಂಗವೂ ಇಲ್ಲ. ನಾನು, ನೀನು, ಅವರು, ಎಲ್ಲರಿಗೂ ‘ಸಾಗಿಸುತ್ತಿದ್ದರೆ’ ಒಂದೇ. ‘ಅತ್ತ ಗೋಧಿ ಸಾಗಿಸುತ್ತಿದ್ದರೆ ಇತ್ತ ಜನ ಸಾಯುತ್ತಿದ್ದರು’ ಎಂದಾಗ, ‘ಲಾಗು’ ಇಲ್ಲದಿದ್ದರೂ, ಸಾಗಿಸಿದವರು ಮರೆಯಲ್ಲೇ ಉಳಿಯುತ್ತಾರೆ. ಬರವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಕೊನೆಯ ಕ್ರಿಯಾಪದವನ್ನು ಸಾಗಿಸಿದವರಿಗೇ ಕೊಡಬಹುದು: ಇತ್ತ ಮೈಸೂರು ಸೀಮೆಯಲ್ಲಿ ಜನ ಸಾಯುತ್ತಿದ್ದರೆ, ಅತ್ತ ಇಂಗ್ಲೆಂಡಿಗೆ ಗೋಧಿ ಸಾಗಿಸುತ್ತಿದ್ದರು.