ಸಣ್ಣ ಕಾರಿಗೆ ಯಾವ ಸಸ್ಪೆನ್ಷನ್?

ತರುಣರಿಗೆ ವೇಗ ಪ್ರಿಯ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚುರುಕಾದ ಸಣ್ಣ ಕಾರೊಂದು ಕೈಗೆ ಬಂದೊಡನೆ ಅದನ್ನು ನೆಲಮಟ್ಟಕ್ಕೆ ತಗ್ಗಿಸಿ, ಗಡುಸಾದ ಸ್ಪ್ರಿಂಗು ಹಾಕಿಸುವ ಚಪಲವನ್ನು ಮಾತ್ರ ಒಪ್ಪುವಂತಿಲ್ಲ. ಕಾರು ತಗ್ಗಿದಷ್ಟೂ, ಬಿಗಿಯಾದಷ್ಟೂ ಉತ್ತಮವೆಂಬ ನಂಬಿಕೆಯೇ ಇದರ ಮೂಲ. ಆ ನಂಬಿಕೆ ಅರ್ಧ ಸತ್ಯ; ರಸ್ತೆಯ ಮೇಲೆ ಅರ್ಧ ಸತ್ಯವು ಅಪಾಯಕರ.

ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಕಾರನ್ನೇ ತೆಗೆದುಕೊಳ್ಳೋಣ. 2013ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಈ ಕಾರಿನ 1.2 ಲೀಟರ್ ಎಂಜಿನ್ನು 105 ಅಶ್ವಶಕ್ತಿಯದು. 2022ರಲ್ಲಿ ಪೋಲೋ ತಯಾರಿಕೆ ಇಲ್ಲಿ ನಿಂತುಹೋಯಿತು. ಆದ್ದರಿಂದ ಇಂದು ಕೊಳ್ಳುವವನಿಗೆ ದೊರೆಯುವುದು ಬಳಸಿದ ಕಾರೇ. ಅದು ಓಲಾಡುವುದು ಸ್ಪ್ರಿಂಗಿನ ಮೆದುತನದಿಂದಲೋ, ಸವೆದ ಶಾಕ್ ಅಬ್ಸಾರ್ಬರಿನಿಂದಲೋ, ಹರಿದ ಬುಷ್‌ನಿಂದಲೋ ಎಂದು ಪರೀಕ್ಷಿಸದೆ ಹೊಸ ಸಾಮಾನು ತರುವುದು, ರೋಗ ತಿಳಿಯದೆ ಔಷಧ ಕುಡಿದಂತೆ.

ಸಸ್ಪೆನ್ಷನ್ನಿನ ಮುಖ್ಯ ಕರ್ತವ್ಯ ಟೈರನ್ನು ನೆಲಕ್ಕೆ ಅಂಟಿಸಿ ಇಡುವುದು. ನೆಲ ಬಿಟ್ಟ ಟೈರು ತಿರುಗಿಸಲೂ ಆರದು, ನಿಲ್ಲಿಸಲೂ ಆರದು. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಶಾಕ್ ಅಬ್ಸಾರ್ಬರು ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಹಳೆಯ ಶಾಕನ್ನು ಉಳಿಸಿಕೊಂಡು ಗಡುಸು ಸ್ಪ್ರಿಂಗು ಹಾಕಿಸುವುದೆಂದರೆ, ಪುಂಡ ಕುದುರೆಗೆ ಜೀರ್ಣವಾದ ಲಗಾಮು ಹಾಕಿದಂತೆ.

ತಗ್ಗಿಸುವುದರ ಲಾಭವಾದರೂ ಎಷ್ಟು? ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುವ ಒಟ್ಟು ಭಾರವು ಮುಖ್ಯವಾಗಿ ಕಾರಿನ ತೂಕ, ತಿರುವಿನ ತೀವ್ರತೆ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಣ ಅಗಲ ಇವುಗಳನ್ನು ಅವಲಂಬಿಸಿದೆ. ಸ್ಪ್ರಿಂಗಿನ ಗಡುಸುತನ ಆ ಮೊತ್ತವನ್ನು ಹೆಚ್ಚೇನೂ ಬದಲಿಸದು. ಗುರುತ್ವಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿದೆಯೆಂದು ಭಾವಿಸಿ, ಅದನ್ನು 3 ಸೆಂಟಿಮೀಟರ್ ತಗ್ಗಿಸಿದರೆ ಕಡಿಮೆಯಾಗುವುದು ನೂರಕ್ಕೆ ಐದೂವರೆ ಪಾಲು ಮಾತ್ರ! ಅಲ್ಲದೆ, ಪೋಲೋವಿನಂತೆ ಮುಂಬದಿಯಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ, ವಾಲುವಿಕೆಯ ಕೇಂದ್ರವು ಕಾರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಯಾವ ವಾಲುವಿಕೆಯನ್ನು ತಡೆಯಹೊರಟೆವೋ ಅದಕ್ಕೇ ಪುಷ್ಟಿ ಕೊಟ್ಟಂತಾಗುತ್ತದೆ.

ಪಂದ್ಯದ ಕಾರುಗಳು ತಗ್ಗಾಗಿಯೂ ಗಡುಸಾಗಿಯೂ ಇಲ್ಲವೇ ಎಂದು ಕೆಲವರು ಕೇಳಬಹುದು. ಇವೆ, ನಿಜ. ಆದರೆ ಚೆನ್ನೈ, ಕೊಯಮತ್ತೂರುಗಳ ಪಂದ್ಯದ ಟ್ರ್ಯಾಕು ಬೇರೆ, ಮಳೆಗಾಲದ ಚಾರ್ಮಾಡಿ ಘಾಟಿ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಸೂಚನೆಯಂತೆ ರಸ್ತೆಯ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಾಗಿತ್ತು. ನಮ್ಮ ಊರುಗಳಲ್ಲಿ ಆ ಅಳತೆಯನ್ನು ಮೀರಿದ ಹಂಪುಗಳೆಷ್ಟಿಲ್ಲ! ತಗ್ಗಿಸಿದ ಕಾರಿನ ಚಕ್ರಕ್ಕೆ ಮೇಲೇಳಲು ಉಳಿಯುವ ಜಾಗ ಕಡಿಮೆ. ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ ಕೊನೆಮುಟ್ಟಿ ಬಡಿಯುತ್ತದೆ. ತಿರುವಿನಲ್ಲಿ ಹಾಗಾದರೆ ಚಕ್ರವೇ ಎಗರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಒಳ್ಳೆಯ ಟೈರು. ಅನಂತರ ಉತ್ತಮ ಶಾಕ್ ಅಬ್ಸಾರ್ಬರು, ಹೊಸ ಬುಷ್‌ಗಳು, ಸರಿಯಾದ ವೀಲ್ ಅಲೈನ್‌ಮೆಂಟು. ಇಷ್ಟರಿಂದಲೇ ಹೆಚ್ಚಿನವರಿಗೆ ತೃಪ್ತಿಯಾದೀತು. ಮುಂಚಕ್ರಗಳಿಂದ ಓಡುವ ಇಂಥ ಕಾರು ತಿರುವಿನಲ್ಲಿ ಮೂತಿಯನ್ನು ಹೊರಕ್ಕೆ ಎಳೆಯುತ್ತಿದ್ದರೆ, ಹಿಂಬದಿಗೆ ತುಸು ಬಲವಾದ ಆಂಟಿ-ರೋಲ್ ಬಾರ್ ನೆರವಾಗುತ್ತದೆ. ಮಿತಿಮೀರಿದರೆ ಮಳೆಯಲ್ಲಿ ಹಿಂಬದಿಯೇ ಜಾರೀತು. ಸ್ಪ್ರಿಂಗಿನ ಸರದಿ ಕೊನೆಗೆ, ಅದೂ ಅದಕ್ಕೆ ಹೊಂದುವ ಶಾಕಿನೊಡನೆ. ಎತ್ತರವನ್ನು ಹೆಚ್ಚುಕಡಿಮೆ ಮಾಡಬಲ್ಲ ಕಾಯಿಲ್‌ಓವರುಗಳು ಟ್ರ್ಯಾಕಿಗೆ ಹೋಗುವವರಿಗಿರಲಿ.

ಕಾನೂನನ್ನೂ ಮರೆಯಬಾರದು. ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಆರ್.ಟಿ.ಓ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸುವುದು ಲೇಸು.

ಕಾರು ತಗ್ಗಾಗಿ ಕಂಡರೆ ಬೀದಿಯಲ್ಲಿ ನಿಂತವರು ಮೆಚ್ಚಬಹುದು. ಆದರೆ ಹಠಾತ್ತನೆ ಮಗುವೊಂದು ರಸ್ತೆಗೆ ಅಡ್ಡ ಬಂದಾಗ ಅದನ್ನು ಉಳಿಸುವುದು ಆ ಮೆಚ್ಚುಗೆಯಲ್ಲ, ನೆಲವನ್ನು ಬಿಡದ ನಾಲ್ಕು ಟೈರುಗಳು. ನಮ್ಮ ಹಣ ಮೊದಲು ಅವುಗಳಿಗೆ ಸಲ್ಲಲಿ.